ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿ

ಕಳೆದ ಜನವರಿಯಲ್ಲಿ ಒಬ್ಬ ಹುಡುಗ ಬೆಳಿಗ್ಗೆ ಬೆಳಿಗ್ಗೆಯೇ ಶಿರಸಿಯ ನನ್ನ ಕ್ಲಿನಿಕ್ಕಿಗೆ ಬಂದ. ಸಿದ್ದಾಪುರದ ಕಡೆಯಿಂದ ಬೈಕಿನಲ್ಲಿ ಬಂದಿದ್ದ. ಬಲಗೈಯ ಮೂರು ಬೆರಳಿನ ತುದಿಯಲ್ಲಿ ನೀರುಗುಳ್ಳೆ ಎದ್ದಿತ್ತು. ದಾರಿಯಲ್ಲಿ ಕೈ ಮರಗಟ್ಟಿದೆ. ಬೈಕ್ ನಿಲ್ಲಿಸಿ ಸೈಲೆನ್ಸರಿಗೆ ಬೆರಳು ಒತ್ತಿದ್ದಾನೆ. 'ಸುಟ್ಟಿದ್ದೇ ಗೊತ್ತಾಗ್ಲಿಲ್ಲ ಡಾಕ್ಟ್ರೇ' ಎಂದ.

ಗೊತ್ತಾಗುವುದಿಲ್ಲ. ಚಳಿ ಜಾಸ್ತಿಯಾದಾಗ ದೇಹ ಬಿಸಿಯನ್ನು ಒಳಗಿನ ಅಂಗಗಳಿಗಾಗಿ ಉಳಿಸಿಕೊಳ್ಳುತ್ತದೆ. ಅದಕ್ಕೆ ಬೆರಳಿನ ರಕ್ತನಾಳ ಬಿಗಿಯಾಗುತ್ತವೆ. ಹಾಗೆ ಜೋಮುಹಿಡಿದ ಬೆರಳಿಗೆ ಸೈಲೆನ್ಸರ್ ಸುಡುವುದೂ ತಿಳಿಯದು, ಬ್ರೇಕ್ ಎಷ್ಟು ಒತ್ತಿದೆ ಎಂಬುದೂ ತಿಳಿಯದು. ನನಗೆ ಹೆದರಿಕೆ ಈ ಎರಡನೆಯದರದ್ದೇ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ದೇವಿಮನೆ ಘಾಟಿನ ತಿರುವಿನಲ್ಲಿ ಎದುರಿಗೆ ಲಾರಿ ಬಂದರೆ ಆ ಒಂದು ಸೆಕೆಂಡು ಬಹಳ ದೊಡ್ಡದು.

ಹುಡುಗ ಹಾಕಿದ್ದು ಅಮ್ಮ ಹೆಣೆದ ದಪ್ಪ ಉಣ್ಣೆ ಸ್ವೆಟರ್. ಒಳ್ಳೆಯದೇ. ಆದರೆ ಉಣ್ಣೆ ಬೆಚ್ಚಗಿಡುವುದು ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಬೈಕ್ ಓಡುವಾಗ ಎದುರುಗಾಳಿ ಅದೇ ತೂತುಗಳಲ್ಲಿ ನುಗ್ಗಿ ಆ ಬಿಸಿಯನ್ನು ಹೊಡೆದುಕೊಂಡು ಹೋಗುತ್ತದೆ. ಹೊರಗೆ 10 ಡಿಗ್ರಿ ಇದ್ದರೆ, 60 ಕಿ.ಮೀ. ವೇಗದಲ್ಲಿ ಮೈಗೆ ತಾಗುವುದು 5 ಡಿಗ್ರಿಯಷ್ಟು ಚಳಿ. ಎರಡನೇ ಸ್ವೆಟರ್ ಹಾಕುವ ಬದಲು ಅದೇ ಸ್ವೆಟರಿನ ಮೇಲೆ ಮಳೆಗಾಲದ ರೇನ್‌ಕೋಟ್ ಹಾಕಿಕೊಳ್ಳಿ. ನಮ್ಮ ಕಡೆ ರೇನ್‌ಕೋಟ್ ಇಲ್ಲದ ಮನೆ ಎಲ್ಲಿದೆ? ಸೆಪ್ಟೆಂಬರಿನಲ್ಲಿ ಅಟ್ಟಕ್ಕೆ ಹಾಕಿದ್ದನ್ನು ಇಳಿಸಿ, ಅಷ್ಟೇ. ಅದೂ ಕೈಗೆ ಸಿಗದಿದ್ದರೆ ಎದೆಗೆ ಎರಡು ಪದರ ಪೇಪರ್ ಇಟ್ಟು ಶರ್ಟಿನ ಗುಂಡಿ ಹಾಕಿ. ಹಳೆಯ ಉಪಾಯ, ಇವತ್ತಿಗೂ ಕೆಲಸ ಮಾಡುತ್ತದೆ. ಮಂಜಿನಲ್ಲಿ ಬಟ್ಟೆ ಒದ್ದೆಯಾಗದಂತೆಯೂ ರೇನ್‌ಕೋಟ್ ಕಾಯುತ್ತದೆ. ಒದ್ದೆ ಬಟ್ಟೆ ಮೈಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ.

ಕೈಗೂ ಇದೇ ಲೆಕ್ಕ. ಬರೀ ನೂಲಿನ ಗ್ಲೌಸ್‌ನೊಳಗೆ ಗಾಳಿ ಸಲೀಸಾಗಿ ನುಗ್ಗುತ್ತದೆ. ಅದರ ಮೇಲೆ ಗಾಳಿ ತಡೆಯುವ ಇನ್ನೊಂದು ಗ್ಲೌಸ್ ಬೇಕು, ಆದರೆ ಬಿಗಿಯಾಗಿರಬಾರದು. ಬಿಗಿಯಾದರೆ ರಕ್ತ ಓಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಕುತ್ತಿಗೆಗೆ ಮಫ್ಲರ್ ಸುತ್ತಿದರೆ ತುದಿಯನ್ನು ಒಳಗೆ ಸಿಕ್ಕಿಸಿ, ಚಕ್ರಕ್ಕೆ ಸಿಕ್ಕಿಕೊಂಡೀತು.

ಕಾರವಾರ, ಕುಮಟಾದಿಂದ ಹೊರಡುವವರಿಗೆ ಒಂದು ಮಾತು. ಕೆಳಗೆ ಸೆಕೆ ಅಂತ ತೆಳು ಅಂಗಿಯಲ್ಲೇ ಹೊರಡಬೇಡಿ. ಮೇಲೆ ಬರುವ ಹೊತ್ತಿಗೆ ಕತ್ತಲಾದರೆ ನಡುಗುತ್ತೀರಿ, ಅಲ್ವಾ? ಹೊದೆಯುವುದು ಬ್ಯಾಗಿನಲ್ಲಿರಲಿ. 'ಚಳಿಗೆ ಒಂದು ಪೆಗ್' ಅಂತೂ ಬೇಡವೇ ಬೇಡ. ಚರ್ಮ ಬಿಸಿಯಾದಂತೆ ಅನ್ನಿಸುತ್ತದೆ, ಒಳಗಿನ ಬಿಸಿ ಹೊರಗೆ ಹೋಗುತ್ತಿರುತ್ತದೆ. ನಿಲ್ಲಿಸಿ ಬಿಸಿ ಕಷಾಯ ಕುಡಿಯಿರಿ.

ಮರಗಟ್ಟಿದ ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಿ. ಮನೆ ಮುಟ್ಟಿದ ಮೇಲೂ ಬಚ್ಚಲ ಹಂಡೆಯ ಕುದಿನೀರಿಗೆ ಕೈ ಹಾಕಬೇಡಿ, ಉಗುರುಬೆಚ್ಚಗಿನ ನೀರು ಸಾಕು. ಸ್ವಲ್ಪ ಚಳಿಗೇ ಬೆರಳು ಬಿಳಿಚಿ, ನೀಲಿಯಾಗಿ, ಆಮೇಲೆ ಕೆಂಪಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಬಿಪಿಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂತಲೂ ಹೇಳಿ. ಕೆಲವು ಮಾತ್ರೆಗಳು ಕೈಕಾಲು ತಣ್ಣಗಾಗಿಸುತ್ತವೆ.