ಕ್ಲಬ್ಬಿನ ಲೆಕ್ಕಪತ್ರವನ್ನು ಅಭಿಮಾನಿ ಎಲ್ಲಿಂದ ಓದಬೇಕು?

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬೊಂದು ಕೋಟಿಗಟ್ಟಲೆ ಪೌಂಡ್ ನಷ್ಟ ತೋರಿಸಿದೆ ಎಂಬ ಸುದ್ದಿ ಬಂದರೆ ಅಭಿಮಾನಿಗಳಿಗೆ ಆತಂಕವಾಗುವುದು ಸಹಜ. ಆದರೆ ನಷ್ಟವೊಂದರಿಂದಲೇ ಕ್ಲಬ್ಬು ಮುಳುಗುವುದಿಲ್ಲ. ಅಲ್ಲಿನ ಎಷ್ಟೋ ಕ್ಲಬ್ಬುಗಳು ವರ್ಷವರ್ಷವೂ ನಷ್ಟದಲ್ಲೇ ನಡೆಯುತ್ತವೆ, ಮಾಲೀಕರು ತುಂಬಿಕೊಡುತ್ತಾರೆ. ಮುಳುಗುವುದು ಸಂಬಳದ ದಿನ ಖಾತೆಯಲ್ಲಿ ಹಣವಿಲ್ಲದಾಗ. ಬೆರಿ ಕ್ಲಬ್ಬು 2018ರ ಡಿಸೆಂಬರ್‌ನಲ್ಲಿ ಒಂದೇ ಒಂದು ಪೌಂಡಿಗೆ ಕೈಬದಲಾಯಿತು. ಸಂಬಳ ತಡವಾಗುತ್ತಿದ್ದರೂ ಆಟಗಾರರು ಮುಂದಿನ ವಸಂತದಲ್ಲಿ ತಂಡವನ್ನು ಮೂರನೇ ಹಂತದ ಡಿವಿಜನ್ ಆದ ಲೀಗ್ ಒನ್‌ಗೆ ಏರಿಸಿದರು. ಖರ್ಚಿಗೆ ಹಣವಿದೆ ಎಂಬುದಕ್ಕೆ ಮಾಲೀಕರು ಪುರಾವೆ ಕೊಡಲಾಗದೆ, 2019ರ ಆಗಸ್ಟ್ 27ರಂದು, 1894ರಿಂದ ಲೀಗಿನಲ್ಲಿದ್ದ ಆ ಕ್ಲಬ್ಬನ್ನು, ಪ್ರೀಮಿಯರ್ ಲೀಗಿನ ಕೆಳಗಿನ ಮೂರು ಡಿವಿಜನ್‌ಗಳನ್ನು ನಡೆಸುವ ಇಎಫ್‌ಎಲ್ ಹೊರಹಾಕಿತು.

ಆದ್ದರಿಂದ ಲೆಕ್ಕಪತ್ರ ಕೈಗೆ ಸಿಕ್ಕಾಗ ಲಾಭ-ನಷ್ಟದ ಅಂಕಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮುಂದಿನ ಹನ್ನೆರಡು ತಿಂಗಳ ಹಣ ಎಲ್ಲಿಂದ ಬರುತ್ತದೆ, ಅದರಲ್ಲಿ ಯಾರಿಗೆ ಎಷ್ಟು ಕೊಡಬೇಕಾಗಿದೆ, ಆಡುವ ನೆಲ ಯಾರ ಹೆಸರಿನಲ್ಲಿದೆ, ಇಷ್ಟನ್ನು ಮೊದಲು ಹುಡುಕಬೇಕು.

ಹುಡುಕುವ ಜಾಗ ಕಂಪನೀಸ್ ಹೌಸ್ ಎಂಬ ಸರ್ಕಾರಿ ನೋಂದಣಿ ಕಚೇರಿ. ಬ್ರಿಟನ್ನಿನ ಎಲ್ಲ ಕಂಪನಿಗಳ ದಾಖಲೆಗಳೂ ಅಲ್ಲಿ ಉಚಿತವಾಗಿ ಸಿಗುತ್ತವೆ. ಕ್ಲಬ್ಬಿನ ಹೆಸರಿನಲ್ಲಿ ಒಂದೇ ಕಂಪನಿ ಇರುತ್ತದೆಂದು ನಂಬಬೇಡಿ. ತಂಡ ನಡೆಸುವ ಕಂಪನಿ, ಅದರ ಮೇಲಿನ ಹಿಡುವಳಿ ಕಂಪನಿ, ಕ್ರೀಡಾಂಗಣದ ಕಂಪನಿ ಎಂದು ಎರಡು ಮೂರು ಇರುವುದು ಸಾಮಾನ್ಯ. ಎಲ್ಲವನ್ನೂ ತೆಗೆದು ಪಕ್ಕಪಕ್ಕ ಇಟ್ಟು ಓದಬೇಕು, ಏಕೆಂದರೆ ಒಂದರಲ್ಲಿ ಆಸ್ತಿಯಾಗಿ ಕಾಣುವುದು ಇನ್ನೊಂದರಲ್ಲಿ ಸಾಲವಾಗಿರುತ್ತದೆ. 25 ಶೇಕಡಾಕ್ಕಿಂತ ಹೆಚ್ಚು ಷೇರು ಅಥವಾ ಮತ ಯಾರ ಕೈಯಲ್ಲಿದೆ ಎಂಬುದನ್ನು 2016ರಿಂದ ಅಲ್ಲಿ ಹೆಸರಿಸಲೇಬೇಕು. ಆ ಹೆಸರು ವ್ಯಕ್ತಿಯದ್ದಾಗಿರದೆ ಮತ್ತೊಂದು ಕಂಪನಿಯದ್ದಾಗಿದ್ದರೆ, ಸರಪಳಿ ಹಿಡಿದು ಮೇಲಕ್ಕೆ ಹೋಗಿ. ಯಾವುದೋ ದ್ವೀಪದ ನೋಂದಣಿಯಲ್ಲಿ ಅದು ಕೊನೆಯಾದರೆ, ನಿಜವಾದ ಒಡೆಯ ಯಾರೆಂದು ಕ್ಲಬ್ಬನ್ನೇ ಲಿಖಿತವಾಗಿ ಕೇಳಬೇಕು.

ಖಾಸಗಿ ಕಂಪನಿ ಲೆಕ್ಕ ಮುಗಿದ ಒಂಬತ್ತು ತಿಂಗಳೊಳಗೆ ಪತ್ರ ಸಲ್ಲಿಸಬೇಕು. ಜೂನ್ 30ಕ್ಕೆ ವರ್ಷ ಮುಗಿಸುವ ಕ್ಲಬ್ಬಿಗೆ ಮಾರ್ಚ್ 31 ಕೊನೆಯ ದಿನ. ಆ ಗಡುವು ದಾಟಿದರೆ, ಇಲ್ಲವೇ ಗಡುವು ಹತ್ತಿರ ಬಂದಾಗ ಲೆಕ್ಕದ ವರ್ಷವನ್ನೇ ಹಿಂದೆ ಮುಂದೆ ಮಾಡಿದರೆ, ಒಳಗೆ ಆಡಿಟರ್ ಸಹಿ ಹಾಕಲು ಹಿಂಜರಿಯುತ್ತಿರಬಹುದು. ಒಂದು ಸಲದ ತಡಕ್ಕೆ ಬೇರೆ ಕಾರಣವೂ ಇರಬಹುದು. ಎರಡನೇ ವರ್ಷವೂ ಹಾಗೇ ಆದರೆ ಸುಮ್ಮನಿರಬಾರದು.

ಪತ್ರ ತೆರೆದ ಮೇಲೆ ಮೊದಲು ‘ಗೋಯಿಂಗ್ ಕನ್ಸರ್ನ್’ ಎಂಬ ಟಿಪ್ಪಣಿಗೆ ಹೋಗಿ. ಲೆಕ್ಕಪತ್ರಕ್ಕೆ ಒಪ್ಪಿಗೆ ಕೊಟ್ಟ ದಿನದಿಂದ ಕನಿಷ್ಠ ಹನ್ನೆರಡು ತಿಂಗಳು ಸಂಸ್ಥೆ ನಡೆಯಬಲ್ಲದೇ ಎಂದು ನಿರ್ದೇಶಕರು ಹೇಳಬೇಕಾದ ಜಾಗ ಅದು. ಇಡೀ ಪತ್ರದಲ್ಲಿ ಇದಕ್ಕಿಂತ ಮುಖ್ಯವಾದ ಪುಟ ಬೇರೆ ಇಲ್ಲ ಎಂದೇ ನನ್ನ ಅಭಿಪ್ರಾಯ. ಮಾಲೀಕರು ಹಣ ಹಾಕುತ್ತಲೇ ಇರುತ್ತಾರೆ ಎಂಬ ಭರವಸೆಯ ಮೇಲೆ ಕ್ಲಬ್ಬು ನಿಂತಿದೆ ಎಂದು ಅಲ್ಲಿ ಹೆಚ್ಚಾಗಿ ಬರೆದಿರುತ್ತದೆ. ಆ ಭರವಸೆ ಕಾನೂನಿನ ಬಲವುಳ್ಳದ್ದೋ ಬರೀ ಮಾತೋ, ಎಷ್ಟು ತಿಂಗಳಿಗೆ, ಯಾವ ಮೊತ್ತದವರೆಗೆ ಎಂಬುದನ್ನು ಗಮನಿಸಿ. ‘ಗಂಭೀರ ಅನಿಶ್ಚಿತತೆ ಇದೆ’ ಎಂಬ ಅರ್ಥದ ಮಾತನ್ನು ಆಡಿಟರ್ ತಮ್ಮ ವರದಿಯಲ್ಲಿ ಸೇರಿಸಿದ್ದರೆ, ಭರವಸೆಯ ಪತ್ರವೊಂದೇ ಅವರಿಗೆ ಸಾಲಲಿಲ್ಲ ಎಂದರ್ಥ. ಕೋವಿಡ್ ಕಾಲದಲ್ಲಿ ಈ ಸಾಲು ಅನೇಕ ಕ್ಲಬ್ಬುಗಳಲ್ಲಿ ಬಂದಿತ್ತು, ಆಗ ಅದಕ್ಕೆ ಸಕಾರಣವಿತ್ತು. ಉಳಿದ ವರ್ಷಗಳಲ್ಲಿ ಬಂದರೆ ಕಾರಣ ಕೇಳಬೇಕು.

ಮುಂದಿನದು ಒಂದು ವರ್ಷದೊಳಗೆ ತೀರಿಸಬೇಕಾದ ಬಾಕಿಗಳ ಟಿಪ್ಪಣಿ. ಇಲ್ಲಿ ಹೊಸಬರು ಹೆಚ್ಚಾಗಿ ಎಡವುತ್ತಾರೆ. ಒಟ್ಟು ಮೊತ್ತ ನೋಡಿ ಎದೆ ಒಡೆದುಕೊಳ್ಳುವ ಮೊದಲು ಅದರಿಂದ ‘ಮುಂಗಡ ಆದಾಯ’ವನ್ನು ಕಳೆಯಿರಿ. ಮುಂದಿನ ಋತುವಿನ ಸೀಸನ್ ಟಿಕೆಟ್ ಹಣ ಬೇಸಿಗೆಯಲ್ಲೇ ಬಂದಿರುತ್ತದೆ. ಪಂದ್ಯ ಇನ್ನೂ ಆಡಿಲ್ಲವಾದ್ದರಿಂದ ಲೆಕ್ಕದ ನಿಯಮದಂತೆ ಅದು ಹೊಣೆ, ಆದರೆ ಯಾರಿಗೂ ಮರಳಿ ಕೊಡಬೇಕಾದ ಹಣವಲ್ಲ. ಅದನ್ನು ಕಳೆದ ಮೇಲೆ ಉಳಿಯುವ ಮೊತ್ತವನ್ನು ಬ್ಯಾಂಕಿನಲ್ಲಿರುವ ನಗದಿಗೆ ಹೋಲಿಸಿ. ಇನ್ನೊಂದು ಸೂಕ್ಷ್ಮವೂ ಇದೆ: ಜೂನ್ 30ಕ್ಕೆ ಕಾಣುವ ನಗದಿನಲ್ಲಿ ಈ ಟಿಕೆಟ್ ಹಣವೇ ದೊಡ್ಡ ಪಾಲು. ಆಗಲೂ ಖಾತೆ ಬರಿದಾಗಿದ್ದರೆ ಫೆಬ್ರವರಿ-ಮಾರ್ಚ್ ಹೊತ್ತಿಗೆ ಸಂಬಳಕ್ಕೆ ತತ್ವಾರ ಬರುವುದು ಬಹುತೇಕ ಖಚಿತ.

ಅದೇ ಟಿಪ್ಪಣಿಯಲ್ಲಿ ‘ತೆರಿಗೆ ಮತ್ತು ಸಾಮಾಜಿಕ ಭದ್ರತೆ’ ಎಂಬ ಸಾಲೊಂದಿದೆ. ಸಂಬಳದಿಂದ ಹಿಡಿದ ತೆರಿಗೆಯನ್ನು ತಿಂಗಳು ತಿಂಗಳೂ, ವ್ಯಾಟನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಕಟ್ಟಬೇಕು. ಹಾಗಾಗಿ ವರ್ಷಾಂತ್ಯದಲ್ಲಿ ಒಂದು ತಿಂಗಳ ಸಂಬಳ ತೆರಿಗೆ ಮತ್ತು ಹೆಚ್ಚೆಂದರೆ ಒಂದು ತ್ರೈಮಾಸಿಕದ ವ್ಯಾಟ್ ಬಾಕಿ ಇರುವುದು ಸಹಜ. ಹಿಂದಿನ ವರ್ಷದ ಅಂಕಿ ಪಕ್ಕದಲ್ಲೇ ಇರುತ್ತದೆ. ಸಂಬಳದ ಒಟ್ಟು ವೆಚ್ಚ ಅಷ್ಟೇ ಇದ್ದು ಈ ಬಾಕಿ ಎರಡು ಮೂರು ಪಟ್ಟಾಗಿದ್ದರೆ, ಕ್ಲಬ್ಬು ತೆರಿಗೆ ಇಲಾಖೆಯ ದುಡ್ಡಿನಲ್ಲಿ ದಿನ ದೂಡುತ್ತಿದೆ. ಬಾಕಿ ವಸೂಲಿ ಮಾಡುವವರಲ್ಲಿ ತೆರಿಗೆ ಇಲಾಖೆ ಕರುಣೆಯಿಲ್ಲದ್ದು. ಕ್ಲಬ್ಬನ್ನು ಮುಚ್ಚಿಸಿ ಎಂದು ನ್ಯಾಯಾಲಯಕ್ಕೆ ಅರ್ಜಿ ಹಾಕುವುದು ಹೆಚ್ಚಾಗಿ ಅದೇ. ಮ್ಯಾಕಲ್ಸ್‌ಫೀಲ್ಡ್ ಟೌನ್ ಕ್ಲಬ್ಬು 2020ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದ್ದು ಹೀಗೆಯೇ, ಅದೂ ಒಬ್ಬ ಸಾಧಾರಣ ಪ್ರೀಮಿಯರ್ ಲೀಗ್ ಆಟಗಾರನ ಕೆಲವೇ ತಿಂಗಳ ಸಂಬಳಕ್ಕೆ ಸಮನಾದ ಸಾಲಕ್ಕೆ.

ಸಣ್ಣ ಕಂಪನಿಗಳಿಗೆ ಲಾಭ-ನಷ್ಟದ ಪುಟವನ್ನೇ ಸಲ್ಲಿಸದಿರುವ ವಿನಾಯಿತಿ ಇದೆ, ಕೆಳಗಿನ ಡಿವಿಜನ್‌ಗಳ ಅನೇಕ ಕ್ಲಬ್ಬುಗಳು ಅದನ್ನು ಬಳಸುತ್ತವೆ. ಆದರೂ ನಷ್ಟ ಕಂಡುಹಿಡಿಯಬಹುದು. ಬ್ಯಾಲೆನ್ಸ್ ಶೀಟಿನ ಕೆಳತುದಿಯಲ್ಲಿ ‘ಲಾಭ-ನಷ್ಟ ಖಾತೆ’ ಎಂಬ ಸಂಚಿತ ಮೊತ್ತವಿರುತ್ತದೆ. ಕಳೆದ ವರ್ಷ ಅದು ಮೈನಸ್ 82 ಲಕ್ಷ, ಈ ವರ್ಷ ಮೈನಸ್ 1.05 ಕೋಟಿ ಎಂದಿದ್ದರೆ, ಲಾಭಾಂಶ ಹಂಚದಿದ್ದ ಪಕ್ಷದಲ್ಲಿ ವರ್ಷದ ನಷ್ಟ 23 ಲಕ್ಷ ಪೌಂಡ್.

ಇನ್ನು ಆಟಗಾರರ ವ್ಯಾಪಾರ. ನಾಲ್ಕು ಕೋಟಿ ಪೌಂಡಿಗೆ ಕೊಂಡ ಆಟಗಾರನ ಒಪ್ಪಂದ ಐದು ವರ್ಷದ್ದಾದರೆ, ವರ್ಷಕ್ಕೆ 80 ಲಕ್ಷದಂತೆ ಖರ್ಚು ಬರೆಯುತ್ತಾರೆ. ಮೂರು ವರ್ಷದ ಮೇಲೆ ಪುಸ್ತಕದಲ್ಲಿ ಅವನ ಬೆಲೆ 1.6 ಕೋಟಿ. ಆಗ ಮೂರು ಕೋಟಿಗೆ ಮಾರಿದರೆ, ಕೊಂಡದ್ದಕ್ಕಿಂತ ಕಡಿಮೆ ಬಂದರೂ ಲೆಕ್ಕದಲ್ಲಿ 1.4 ಕೋಟಿ ಲಾಭ! ಅಕಾಡೆಮಿಯಲ್ಲೇ ಬೆಳೆದ ಹುಡುಗನಿಗೆ ಪುಸ್ತಕದ ಬೆಲೆ ಸೊನ್ನೆ, ಆದ್ದರಿಂದ ಮಾರಿದ್ದೆಲ್ಲ ಲಾಭ. ಲೆಕ್ಕದ ವರ್ಷ ಮುಗಿಯುವ ಜೂನ್ ಕೊನೆಯ ವಾರದಲ್ಲಿ ಊರಿನ ಹುಡುಗರನ್ನೇ ಮಾರುವುದರ ಹಿಂದಿನ ಗುಟ್ಟು ಇದೇ. ನನಗೆ ಇದು ಇಡೀ ವ್ಯವಸ್ಥೆಯ ಅತ್ಯಂತ ನೋವಿನ ಭಾಗ: ತಾವೇ ಬೆಳೆಸಿದವರನ್ನು ಕಳೆದುಕೊಳ್ಳುವಂತೆ, ನಷ್ಟಕ್ಕೆ ಮಿತಿ ಹಾಕುವ ಲೀಗಿನ ನಿಯಮವೇ ಕ್ಲಬ್ಬನ್ನು ತಳ್ಳುತ್ತದೆ. ಲಾಭ ಹೀಗೆ ಒಂದೇ ದಿನ ಬರೆದರೂ ಹಣ ಕಂತುಗಳಲ್ಲಿ ಬರುತ್ತದೆ, ಕೊಡಬೇಕಾದ್ದೂ ಕಂತುಗಳಲ್ಲೇ ಹೋಗುತ್ತದೆ. ಬೇರೆ ಕ್ಲಬ್ಬುಗಳಿಂದ ಬರಬೇಕಾದ್ದು ಎಷ್ಟು, ಅವುಗಳಿಗೆ ಕೊಡಬೇಕಾದ್ದು ಎಷ್ಟು ಎಂದು ಟಿಪ್ಪಣಿಗಳಲ್ಲಿ ಹುಡುಕಿ ವ್ಯತ್ಯಾಸ ತೆಗೆಯಿರಿ.

ಕೊಂಡ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚುವ ಈ ವಿಧಾನವನ್ನೇ ತಿರುಚಿದರೆ ಏನಾಗುತ್ತದೆ ಎಂಬುದಕ್ಕೆ ಡರ್ಬಿ ಕೌಂಟಿ ಉದಾಹರಣೆ. ಒಪ್ಪಂದದ ಕೊನೆಗೂ ಆಟಗಾರನಿಗೆ ಬೆಲೆ ಉಳಿದಿರುತ್ತದೆಂದು ಎಣಿಸಿ ಆ ಕ್ಲಬ್ಬು ಮೊದಲ ವರ್ಷಗಳ ಖರ್ಚನ್ನು ಇಳಿಸಿಕೊಂಡಿತ್ತು. ಕ್ರೀಡಾಂಗಣ ಪ್ರೈಡ್ ಪಾರ್ಕನ್ನು 2018ರಲ್ಲಿ ಮಾಲೀಕರ ಇನ್ನೊಂದು ಕಂಪನಿಗೆ 8.11 ಕೋಟಿ ಪೌಂಡಿಗೆ ಮಾರಿ, ಆ ವರ್ಷ 1.46 ಕೋಟಿ ಲಾಭ ತೋರಿಸಿತು. ಆ ಮಾರಾಟವಿಲ್ಲದಿದ್ದರೆ ಅದು ಸುಮಾರು ಎರಡೂವರೆ ಕೋಟಿ ನಷ್ಟದ ವರ್ಷ. 2021ರ ಸೆಪ್ಟೆಂಬರ್‌ನಲ್ಲಿ ಕ್ಲಬ್ಬು ಅಡ್ಮಿನಿಸ್ಟ್ರೇಶನ್‌ಗೆ ಹೋಯಿತು, ಅಂದರೆ ಆಡಳಿತ ಹೊರಗಿನ ದಿವಾಳಿ ತಜ್ಞರ ಕೈಸೇರಿತು. ಅದಕ್ಕೆ 12, ಲೆಕ್ಕದ ತಪ್ಪುಗಳಿಗೆ 9, ಒಟ್ಟು 21 ಅಂಕ ಕಳೆದುಕೊಂಡು ಲೀಗ್ ಒನ್‌ಗೆ ಇಳಿಯಿತು.

ಕ್ರೀಡಾಂಗಣವನ್ನು ಹೀಗೆ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿಕೊಳ್ಳುವುದನ್ನು ನಾನು ಎಲ್ಲಕ್ಕಿಂತ ದೊಡ್ಡ ಅಪಾಯವೆಂದು ಪರಿಗಣಿಸುತ್ತೇನೆ. ಶೆಫೀಲ್ಡ್ ವೆನ್ಸ್‌ಡೇ ಕೂಡ ತನ್ನ ಕ್ರೀಡಾಂಗಣ ಹಿಲ್ಸ್‌ಬರೋವನ್ನು ಮಾಲೀಕರ ಕಂಪನಿಗೆ ಸುಮಾರು ಆರು ಕೋಟಿ ಪೌಂಡಿಗೆ ಮಾರಿತು. ಆ ಲಾಭವನ್ನು ಯಾವ ವರ್ಷಕ್ಕೆ ಬರೆದುಕೊಂಡಿತೆಂಬ ವಿವಾದದಲ್ಲಿ 12 ಅಂಕ ಹೋಗಿ, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. 2021ರಲ್ಲಿ ತಂಡ ಕೆಳಗಿಳಿದದ್ದು ಆ ಆರು ಅಂಕಗಳಿಂದಲೇ. 2025ರ ಅಕ್ಟೋಬರ್‌ನಲ್ಲಿ ಅದೂ ಅಡ್ಮಿನಿಸ್ಟ್ರೇಶನ್‌ಗೆ ಹೋಗಿ ಮತ್ತೆ 12 ಅಂಕ ತೆತ್ತಿತು. ಕ್ಲಬ್ಬು ಮಾರಾಟಕ್ಕೆ ಬಂದಾಗ ನೆಲ ಬೇರೆಯವರ ಹೆಸರಿನಲ್ಲಿದ್ದರೆ, ಕೊಳ್ಳುವವರು ಎರಡು ಬೆಲೆ ಚೌಕಾಸಿ ಮಾಡಬೇಕಾಗುತ್ತದೆ. ಆಗ ಸ್ವಂತ ನೆಲವಿಲ್ಲದಿದ್ದ ಕೊವೆಂಟ್ರಿ ಸಿಟಿ ಬಾಡಿಗೆಯ ಜಗಳದಲ್ಲಿ 2013-14ರಲ್ಲಿ ನಾರ್ಥಾಂಪ್ಟನ್ನಿನಲ್ಲಿ, 2019ರಿಂದ ಎರಡು ಋತು ಬರ್ಮಿಂಗ್‌ಹ್ಯಾಮಿನಲ್ಲಿ ತನ್ನ ‘ತವರು’ ಪಂದ್ಯಗಳನ್ನು ಆಡಬೇಕಾಯಿತು.

ನೆಲದ ದಾಖಲೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಕೆಲವೇ ಪೌಂಡ್ ಶುಲ್ಕಕ್ಕೆ ಸಿಗುತ್ತದೆ. ಅದರ ‘ಬಿ’ ಭಾಗದಲ್ಲಿ ಒಡೆಯರ ಹೆಸರು, ‘ಸಿ’ ಭಾಗದಲ್ಲಿ ಅಡಮಾನಗಳು. ಗುತ್ತಿಗೆಯಾಗಿದ್ದರೆ ಎಷ್ಟು ವರ್ಷ ಉಳಿದಿದೆ, ಬಾಡಿಗೆ ಹೇಗೆ ಏರುತ್ತದೆ, ಪಂದ್ಯದ ದಿನದ ಊಟ-ಪಾರ್ಕಿಂಗ್ ಆದಾಯ ಯಾರಿಗೆ ಎಂದು ಕೇಳಿ. ತಂಡದ ಕಂಪನಿ ಯಾವ ಆಸ್ತಿಯ ಮೇಲೆ ಯಾರಿಂದ ಸಾಲ ಎತ್ತಿದೆ ಎಂಬುದು ಕಂಪನೀಸ್ ಹೌಸಿನ ‘ಚಾರ್ಜಸ್’ ಪುಟದಲ್ಲಿರುತ್ತದೆ. ಸಾಲ ಪಡೆದ 21 ದಿನದೊಳಗೆ ಅದು ನೋಂದಣಿಯಾಗಬೇಕು, ಹಾಗಾಗಿ ಲೆಕ್ಕಪತ್ರಕ್ಕಿಂತ ಬಹಳ ಮೊದಲೇ ಸುಳಿವು ಸಿಗುವ ಜಾಗ ಇದು. ಮುಂದೆ ಬರಬೇಕಾದ ಟಿವಿ ಹಣವನ್ನೂ ಟ್ರಾನ್ಸ್‌ಫರ್ ಕಂತುಗಳನ್ನೂ ಅಡವಿಟ್ಟು ಸಾಲ ತರುವುದು ಅಪರಾಧವೇನಲ್ಲ, ದೊಡ್ಡ ಕ್ಲಬ್ಬುಗಳೂ ಮಾಡುತ್ತವೆ. ಆದರೆ ಆರು ತಿಂಗಳಲ್ಲಿ ಸಾಲ ಕೊಟ್ಟ ಮೂವರು ಹೊಸಬರ ಹೆಸರು ಕಂಡರೆ ಎಚ್ಚೆತ್ತುಕೊಳ್ಳಿ.

ಮಾಲೀಕರ ಹಣದ ಬಗ್ಗೆ ಒಂದು ಮಾತು. ಅವರು ಷೇರು ಕೊಂಡು ಹಾಕಿದ ಹಣ ಕ್ಲಬ್ಬಿನದು. ಸಾಲವಾಗಿ ಕೊಟ್ಟದ್ದು ಅವರದೇ, ಕೇಳಿದ ದಿನ ವಾಪಸು ಕೊಡಬೇಕು ಎಂಬ ಷರತ್ತೂ ಇರಬಹುದು. ಬಡ್ಡಿಯ ದರ, ತೀರಿಸುವ ದಿನಾಂಕ, ಷೇರಾಗಿ ಪರಿವರ್ತಿಸುವ ಮಾತು, ಈ ವಿವರಗಳನ್ನು ‘ಸಂಬಂಧಿತ ಪಕ್ಷಗಳ ವ್ಯವಹಾರ’ ಟಿಪ್ಪಣಿಯಲ್ಲಿ ನೋಡಿ. ಕೊಳ್ಳಲು ಮಾಡಿದ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟುವ ಪದ್ಧತಿಯೂ ಇದೆ: 2005ರಲ್ಲಿ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡಾಗ ಆದದ್ದು ಅದು. ಸಾಲವಿಲ್ಲದೆ ಇದ್ದ ಕ್ಲಬ್ಬು ಅಂದಿನಿಂದ ಬಡ್ಡಿ ಕಟ್ಟುತ್ತಿದೆ.

ಲೀಗಿನ ಹಣಕಾಸು ನಿಯಮಗಳು ಅಭಿಮಾನಿಗೆ ಪೂರ್ತಿ ರಕ್ಷಣೆಯಲ್ಲ. ಮೂರು ಋತುಗಳಲ್ಲಿ ಕ್ಲಬ್ಬೊಂದಕ್ಕೆ ಪ್ರೀಮಿಯರ್ ಲೀಗಿನಲ್ಲಿ 10.5 ಕೋಟಿ, ಎರಡನೇ ಹಂತದ ಚಾಂಪಿಯನ್‌ಶಿಪ್‌ನಲ್ಲಿ 3.9 ಕೋಟಿ ಪೌಂಡ್ ಎಂದಿದ್ದ ನಷ್ಟದ ಮಿತಿ ಮೀರಿದವರಿಗೆ ಶಿಕ್ಷೆಯಾಗಿದೆ. 2023-24ರಲ್ಲಿ ಎವರ್ಟನ್ ಒಟ್ಟು 8, ನಾಟಿಂಗ್‌ಹ್ಯಾಮ್ ಫಾರೆಸ್ಟ್ 4 ಅಂಕ ಕಳೆದುಕೊಂಡವು. ಆದರೆ ಈ ನಿಯಮ ಅಳೆದದ್ದು ನಷ್ಟವನ್ನು, ಕೈಯಲ್ಲಿರುವ ಕಾಸನ್ನಲ್ಲ. 2025ರ ಜುಲೈನಲ್ಲಿ ಅಂಗೀಕಾರವಾದ ಫುಟ್‌ಬಾಲ್ ಆಡಳಿತ ಕಾಯ್ದೆ ಇದಕ್ಕಿಂತ ಮುಂದೆ ಹೋಗುತ್ತದೆ. ಮೇಲಿನ ಐದು ಡಿವಿಜನ್‌ಗಳ ಕ್ಲಬ್ಬುಗಳಿಗೆ ಸ್ವತಂತ್ರ ನಿಯಂತ್ರಕರ ಪರವಾನಗಿ ಬೇಕಾಗುತ್ತದೆ. ಮಾಲೀಕರ ಹಣದ ಮೂಲವನ್ನು ಪರೀಕ್ಷಿಸುವ, ಒಪ್ಪಿಗೆಯಿಲ್ಲದೆ ಕ್ರೀಡಾಂಗಣ ಮಾರದಂತೆ ತಡೆಯುವ ಅಧಿಕಾರ ಆ ಸಂಸ್ಥೆಗಿದೆ. ನಿಮ್ಮ ಬಳಿ ದಾಖಲೆಯ ಪುಟ ಸಂಖ್ಯೆ ಸಮೇತ ಪ್ರಶ್ನೆಗಳಿದ್ದರೆ ಕಳಿಸಬೇಕಾದ ವಿಳಾಸ ಅದೇ.

ಅಭಿಮಾನಿಗಳು ಸಂಘಟಿತರಾಗುವ ಗಟ್ಟಿಯಾದ ರೂಪ ಸಪೋರ್ಟರ್ಸ್ ಟ್ರಸ್ಟ್: ಸಮುದಾಯ ಹಿತದ ಸಂಘವಾಗಿ ನೋಂದಾಯಿಸಿ, ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಮತ ಎಂಬ ನಿಯಮದಲ್ಲಿ ನಡೆಸುವಂಥದ್ದು. ಮೊದಲ ಕೆಲಸವಾಗಿ ಕ್ರೀಡಾಂಗಣವನ್ನು 2011ರ ಲೋಕಲಿಸಂ ಕಾಯ್ದೆಯಡಿ ‘ಸಮುದಾಯ ಮೌಲ್ಯದ ಆಸ್ತಿ’ ಎಂದು ಸ್ಥಳೀಯ ಕೌನ್ಸಿಲ್‌ನಲ್ಲಿ ಪಟ್ಟಿ ಮಾಡಿಸಿ. ಪಟ್ಟಿ ಐದು ವರ್ಷ ಬಾಳುತ್ತದೆ. ಮಾರಾಟಕ್ಕೆ ಹೊರಟಾಗ ಆಸಕ್ತಿ ತಿಳಿಸಲು ಆರು ವಾರ, ಹಣ ಹೊಂದಿಸಲು ಒಟ್ಟು ಆರು ತಿಂಗಳು ಸಿಗುವಂತೆ ಆ ಕಾಯ್ದೆ ಮಾಡಿತ್ತು. ಅದರ ಮಿತಿಯೂ ಗೊತ್ತಿರಲಿ: ನೆಲವನ್ನು ಮಾರದೆ, ನೆಲ ಹೊಂದಿದ ಕಂಪನಿಯ ಷೇರನ್ನೇ ಮಾರಿದರೆ ಆ ಗಡುವು ಅನ್ವಯಿಸುವುದಿಲ್ಲ.

ಟ್ರಸ್ಟ್ ಷೇರು ಕೊಳ್ಳುವುದಾದರೆ ಶೇಕಡಾವಾರಿಗಿಂತ ಒಪ್ಪಂದದ ಪದಗಳೇ ಮುಖ್ಯ. ಸ್ವಾನ್ಸಿ ಸಿಟಿಯಲ್ಲಿ ಟ್ರಸ್ಟ್ ಕೈಯಲ್ಲಿ ಸುಮಾರು 21 ಶೇಕಡಾ ಷೇರಿತ್ತು. 2016ರಲ್ಲಿ ಉಳಿದ ದೊಡ್ಡ ಪಾಲುದಾರರು ಅಮೆರಿಕದವರಿಗೆ ಮಾರಿದಾಗ ಟ್ರಸ್ಟ್ ಹೊರಗುಳಿಯಿತು. ದೊಡ್ಡವರು ಮಾರುವಾಗ ಅದೇ ಬೆಲೆಗೆ ತಾನೂ ಮಾರುವ ಹಕ್ಕು, ಮೊದಲು ಕೊಳ್ಳುವ ಹಕ್ಕು, ಹೊಸ ಷೇರು ಹೊರಡಿಸಿ ತನ್ನ ಪಾಲನ್ನು ಸವೆಸದಂತೆ ತಡೆ, ಕ್ರೀಡಾಂಗಣ-ಲಾಂಛನ-ಬಣ್ಣಗಳ ಮೇಲೆ ವೀಟೋ, ಇವು ಲಿಖಿತವಾಗಿ ಇಲ್ಲದಿದ್ದರೆ ಕೊಟ್ಟ ಹಣ ದೇಣಿಗೆಯಂತೆಯೇ.

ಸಂಕಟದ ಹೊತ್ತಿನಲ್ಲಿ ಸಂಗ್ರಹಿಸುವ ಹಣವನ್ನು ಕ್ಲಬ್ಬಿನ ಖಾತೆಗೆ ನೇರವಾಗಿ ಹಾಕಬೇಡಿ. ಅಡ್ಮಿನಿಸ್ಟ್ರೇಶನ್ ಆದರೆ ಆಟಗಾರರು ಮತ್ತು ಬೇರೆ ಕ್ಲಬ್ಬುಗಳ ಬಾಕಿಯನ್ನು ಲೀಗಿನ ನಿಯಮದಂತೆ ಪೂರ್ತಿ ತೀರಿಸಬೇಕು, ತೆರಿಗೆ ಇಲಾಖೆಗೂ 2020ರ ಡಿಸೆಂಬರ್‌ನಿಂದ ಆದ್ಯತೆ ಮರಳಿದೆ. ಭದ್ರತೆಯಿಲ್ಲದೆ ಕೊಟ್ಟವರ ಕೈಗೆ ಬರುವುದು ಚೂರುಪಾರು. ಪೋರ್ಟ್ಸ್‌ಮತ್ ಅಭಿಮಾನಿಗಳು ತಲಾ ಸಾವಿರ ಪೌಂಡಿನ ಷೇರು ಕೊಂಡು 2013ರಲ್ಲಿ ಕ್ಲಬ್ಬನ್ನೇ ಉಳಿಸಿಕೊಂಡದ್ದು ಟ್ರಸ್ಟಿನ ಮೂಲಕ, ಒಡೆತನಕ್ಕೆ ಪ್ರತಿಯಾಗಿ. ಹಣವನ್ನು ವಕೀಲರ ಗ್ರಾಹಕ ಖಾತೆಯಲ್ಲಿ ಇಡಿಸಿ. ಯಾವ ಷರತ್ತು ಈಡೇರಿದರೆ ಅದು ಬಿಡುಗಡೆಯಾಗುತ್ತದೆ, ಯಾವ ದಿನಾಂಕದೊಳಗೆ ಈಡೇರದಿದ್ದರೆ ಕೊಟ್ಟವರಿಗೆ ಮರಳುತ್ತದೆ ಎಂಬುದನ್ನು ಮೊದಲ ಪೌಂಡ್ ಸ್ವೀಕರಿಸುವ ಮುನ್ನವೇ ಬರೆದು ಪ್ರಕಟಿಸಿ.