ಬಿಸಿಲಿಗೆ ಬಗ್ಗದ ಡಾಂಬರು ರಸ್ತೆ

ಹೊಸ ಡಾಂಬರು ರಸ್ತೆ ತನ್ನ ಮೇಲೆ ಬೀಳುವ ಬಿಸಿಲಲ್ಲಿ ಸುಮಾರು ಶೇ. 95ರಷ್ಟನ್ನು ಹೀರಿಕೊಳ್ಳುತ್ತದೆ. ಗಾಳಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಇರುವ ಮಧ್ಯಾಹ್ನ ರಸ್ತೆಯ ಮೈ 60 ಡಿಗ್ರಿ ದಾಟುವುದು ಸಾಮಾನ್ಯ. ಜಲ್ಲಿಯನ್ನು ಹಿಡಿದಿಡುವ ಬಿಟುಮೆನ್‌ಗೆ ನಿರ್ದಿಷ್ಟ ಕರಗುವ ಬಿಂದು ಇಲ್ಲ. ಕಾವೇರಿದಂತೆಲ್ಲ ಅದು ಮೆತ್ತಗಾಗುತ್ತ ಹೋಗುತ್ತದೆ.

ಹಾಗೆಂದು ರಸ್ತೆ ಎಲ್ಲೆಡೆ ಒಂದೇ ರೀತಿ ಕೆಡುವುದಿಲ್ಲ. ಸಿಗ್ನಲ್‌ ಹತ್ತಿರ, ಬಸ್‌ ನಿಲ್ದಾಣದ ಮುಂದೆ, ಲಾರಿಗಳು ತೆವಳುವ ಏರಿನಲ್ಲಿ ಚಕ್ರದ ಜಾಡು ಕುಸಿದು, ಅದರ ಎರಡೂ ಅಂಚು ದಿಂಡಿನಂತೆ ಉಬ್ಬಿರುತ್ತದೆ. ನೂರು ಮೀಟರ್ ಮುಂದೆ ಅದೇ ಬಿಸಿಲು, ಅದೇ ಮಿಶ್ರಣ. ರಸ್ತೆ ಮಾತ್ರ ಸಪಾಟು. ವ್ಯತ್ಯಾಸ ಇರುವುದು ಭಾರ ಎಷ್ಟು ಹೊತ್ತು ಒತ್ತುತ್ತದೆ ಎಂಬುದರಲ್ಲಿ. ವೇಗವಾಗಿ ಹಾಯುವ ಚಕ್ರಕ್ಕೆ ಗಟ್ಟಿಯಾಗಿ ಎದುರು ನಿಲ್ಲುವ ಬಿಟುಮೆನ್, ನಿಂತ ಚಕ್ರದಡಿ ನಿಧಾನವಾಗಿ ಹರಿಯುತ್ತದೆ. ಆದ್ದರಿಂದ ಇಂಥ ಕಡೆ ಬಿಟುಮೆನ್ ಒಂದೆರಡು ದರ್ಜೆ ಮೇಲಿನದೇ ಇರಬೇಕು. ಪಿಜಿ (ಪರ್ಫಾರ್ಮೆನ್ಸ್ ಗ್ರೇಡ್) 64-22 ಎಂಬ ದರ್ಜೆಯಲ್ಲಿ 64 ಎಂದರೆ ಅದು ತಾಳಬೇಕಾದ ರಸ್ತೆಯ ಗರಿಷ್ಠ ಉಷ್ಣತೆ, 22 ಎಂದರೆ ಸೊನ್ನೆಗಿಂತ ಕೆಳಗಿನ ಕನಿಷ್ಠ ಉಷ್ಣತೆ. 64ರ ಜಾಗದಲ್ಲಿ 70 ಅಥವಾ 76ರ ದರ್ಜೆ ಬೇಕೆಂದರೆ ಸಾಮಾನ್ಯವಾಗಿ ಎಸ್‌ಬಿಎಸ್ ಎಂಬ ರಬ್ಬರಿನಂಥ ಪಾಲಿಮರನ್ನು ಬಿಟುಮೆನ್‌ ತೂಕದ ಶೇ. 3ರಿಂದ 5ರಷ್ಟು ಬೆರೆಸುತ್ತಾರೆ.

ಆದರೂ ಭಾರ ಹೊರುವುದು ಮುಖ್ಯವಾಗಿ ಜಲ್ಲಿಯೇ. ಮಿಶ್ರಣದ ತೂಕದಲ್ಲಿ ಶೇ. 95ರಷ್ಟು ಅದೇ ಇರುತ್ತದೆ. ಒಡೆದ, ಮೂಲೆಗಳುಳ್ಳ ಜಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಹೊಳೆಯ ಗುಂಡುಗಲ್ಲು, ನುಣುಪು ಮರಳು ಹೆಚ್ಚಾದರೆ ಜಾರುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಕಿರುವುದು ಮಿಶ್ರಣದೊಳಗಿನ ಗಾಳಿಯ ಪ್ರಮಾಣಕ್ಕೆ. ರೋಲರ್ ಕೆಲಸ ಮುಗಿದಾಗ ಶೇ. 7ರ ಆಸುಪಾಸಿನಲ್ಲಿದ್ದು, ವಾಹನಗಳ ಒತ್ತಡಕ್ಕೆ ಕ್ರಮೇಣ ಶೇ. 4ಕ್ಕೆ ಇಳಿಯಬೇಕು. ಶೇ. 3ಕ್ಕಿಂತ ಕಡಿಮೆಯಾದರೆ, ಬಿಸಿಗೆ ಹಿಗ್ಗಿದ ಬಿಟುಮೆನ್‌ಗೆ ಒಳಗೆ ಜಾಗವಿಲ್ಲದೆ ಮೇಲೆ ಉಕ್ಕಿ ಚಕ್ರದ ಜಾಡಿನಲ್ಲಿ ಕಪ್ಪಗೆ ಮಿರುಗುತ್ತದೆ. ಮಳೆ ಬಂದರೆ ಅಲ್ಲಿ ವಾಹನ ಜಾರುವ ಅಪಾಯ ಹೆಚ್ಚು. ಶೇ. 8 ಮೀರಿದರೆ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡು ಗಾಳಿ, ನೀರು ಒಳನುಗ್ಗುತ್ತವೆ. ಬಿಟುಮೆನ್ ಉತ್ಕರ್ಷಣೆಗೊಂಡು ಪೆಡಸಾಗಿ ಬಿರುಕು ಬಿಡುತ್ತದೆ. ಗಾಳಿ ಹೀಗೆ ಹೆಚ್ಚು ಉಳಿಯಲು ಮುಖ್ಯ ಕಾರಣ ತಣ್ಣಗಾದ ಮಿಶ್ರಣದ ಮೇಲೆ ರೋಲರ್ ಓಡಿಸುವುದು. ಸಾಮಾನ್ಯ ಬಿಟುಮೆನ್ ಮಿಶ್ರಣ 80–90 ಡಿಗ್ರಿಗೆ ಇಳಿಯುವ ಮೊದಲೇ ಅದನ್ನು ಪೂರ್ತಿ ಗಟ್ಟಿಸಿರಬೇಕು. ತೆಳುವಾದ ಪದರ ಬೇಗ ಆರುವುದರಿಂದ ಅಲ್ಲಿ ಸಮಯ ಇನ್ನೂ ಕಡಿಮೆ.

ಬಿಟುಮೆನ್ ಉಕ್ಕಿದ ರಸ್ತೆಗೆ ಒಣಗಿದ ಒರಟು ಜಲ್ಲಿಪುಡಿ ಹರಡಿ ರೋಲರ್ ಓಡಿಸಿ, ಅಂಟದೆ ಉಳಿದದ್ದನ್ನು ಗುಡಿಸಬೇಕು. ಇದು ತಾತ್ಕಾಲಿಕ ಉಪಾಯ. ಬಿಟುಮೆನ್ ತೀರಾ ಹೆಚ್ಚಿದ್ದರೆ ಆ ಪದರವನ್ನೇ ಕೆರೆದು ತೆಗೆಯಬೇಕಾಗುತ್ತದೆ.

ಇನ್ನು ಬಿಸಿಲನ್ನು ಪ್ರತಿಫಲಿಸಿ ರಸ್ತೆಯನ್ನು ತಂಪಾಗಿಡುವ ತಿಳಿಬಣ್ಣದ ಲೇಪನ. ಅಮೆರಿಕದ ಫೀನಿಕ್ಸ್ ನಗರ 2020ರಲ್ಲಿ ಹಲವು ಬಡಾವಣೆಗಳ ರಸ್ತೆಗಳಿಗೆ ಇದನ್ನು ಬಳಿಯಿತು. ಮಧ್ಯಾಹ್ನದ ಹೊತ್ತಿಗೆ ಲೇಪಿತ ರಸ್ತೆಯ ಮೇಲ್ಮೈ ಸುಮಾರು 6 ಡಿಗ್ರಿ ಸೆಲ್ಸಿಯಸ್ ತಂಪಾಗಿತ್ತು. ಆದರೆ ಪ್ರತಿಫಲಿಸಿದ ಬಿಸಿಲು ಪಾದಚಾರಿಗಳ ಮೈಗೆ ಬಡಿದು, ಅವರ ಮೇಲೆ ಬೀಳುವ ವಿಕಿರಣದ ತಾಪ ಸುಮಾರು 3 ಡಿಗ್ರಿ ಏರಿತ್ತು. ಹೀಗಾಗಿ ಜನ ಹೆಚ್ಚು ನಡೆದಾಡದ ಕಡೆ, ವಾಹನ ನಿಲುಗಡೆಯ ಬಯಲಿನಲ್ಲಿ ಲೇಪನ ಸೂಕ್ತ. ಕಾಲುದಾರಿ ಅಂಟಿಕೊಂಡಿರುವ ಬೀದಿಗೆ ಮರಗಳ ನೆರಳೇ ಬೇಕು; ಅದು ರಸ್ತೆಯನ್ನೂ ನಡೆಯುವವರನ್ನೂ ಒಟ್ಟಿಗೆ ತಂಪಾಗಿಡುತ್ತದೆ.