ಒಂದು ಪ್ರೋಟೀನ್, ಎರಡು ಪ್ರಶ್ನೆ: ಸ್ತನ ಕ್ಯಾನ್ಸರ್ ಮಾರ್ಕರ್‌ಗಳನ್ನು ಓದುವ ಬಗೆ

ಸ್ತನ ಕ್ಯಾನ್ಸರಿನ ಪೆಥಾಲಜಿ (ಅಂಗಾಂಶ ಪರೀಕ್ಷೆ) ರಿಪೋರ್ಟಿನಲ್ಲಿ ನಾಲ್ಕು ಮಾರ್ಕರ್‌ಗಳ, ಅಂದರೆ ರೋಗದ ಸ್ವಭಾವ ತಿಳಿಸುವ ಪ್ರೋಟೀನ್‌ಗಳ ಹೆಸರು ಮತ್ತೆ ಮತ್ತೆ ಸಿಗುತ್ತವೆ: ಇಆರ್ (ಈಸ್ಟ್ರೋಜನ್ ಹಾರ್ಮೋನಿನ ಗ್ರಾಹಕ), ಪಿಆರ್ (ಪ್ರೊಜೆಸ್ಟರಾನ್ ಹಾರ್ಮೋನಿನ ಗ್ರಾಹಕ), ಹರ್-2, ಕೀ-67. ಬಾಯಿಪಾಠ ಮಾಡೋದು ಸುಲಭ. ನಾನು ಎಡವಿದ್ದು ಬೇರೆ ಕಡೆ. ಪ್ರೊಗ್ನೋಸ್ಟಿಕ್ ಮತ್ತು ಪ್ರೆಡಿಕ್ಟಿವ್ ಎರಡೂ ಒಂದೇ ಅಂದುಕೊಂಡಿದ್ದೆ. ಅಲ್ಲ. ರೋಗ ಮುಂದೆ ಹೇಗೆ ಸಾಗಬಹುದು ಎಂದು ಹೇಳುವುದು ಪ್ರೊಗ್ನೋಸ್ಟಿಕ್ ಮಾರ್ಕರ್. ಇಂಥ ಔಷಧಿಗೆ ರೋಗ ಬಗ್ಗುತ್ತದಾ ಎಂದು ಹೇಳುವುದು ಪ್ರೆಡಿಕ್ಟಿವ್ ಮಾರ್ಕರ್.

ಹರ್-2 ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಇದರ ಜೀನ್ 17ನೇ ಕ್ರೋಮೋಸೋಮಿನಲ್ಲಿದೆ. ಕೆಲವು ಗಡ್ಡೆಗಳಲ್ಲಿ ಆ ಜೀನಿನ ಪ್ರತಿಗಳು ವಿಪರೀತ ಹೆಚ್ಚುತ್ತವೆ. ಆಗ ಜೀವಕೋಶದ ಪೊರೆಯ ಮೇಲೆ ಹರ್-2 ಪ್ರೋಟೀನ್ ಕಿಕ್ಕಿರಿಯುತ್ತದೆ, 'ಬೆಳೆ, ಬೆಳೆ' ಎನ್ನುವ ಸಂದೇಶ ನಿಲ್ಲುವುದೇ ಇಲ್ಲ. 1987ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು 189 ಗಡ್ಡೆಗಳನ್ನು ಪರೀಕ್ಷಿಸಿದರು. ಪ್ರತಿಗಳು ಹೆಚ್ಚಿದ್ದವರಲ್ಲಿ ರೋಗ ಬೇಗ ಮರುಕಳಿಸುತ್ತಿತ್ತು, ಬದುಕುವ ಅವಧಿಯೂ ಕಡಿಮೆ ಇತ್ತು. ಅಂದರೆ ಆಗ ಹರ್-2 ಪಾಸಿಟಿವ್ ಎಂದರೆ ಬರೀ ಕೆಟ್ಟ ಸುದ್ದಿ. 1998ರಲ್ಲಿ ಅಮೆರಿಕದಲ್ಲಿ ಟ್ರಾಸ್ಟುಜುಮಾಬ್ ಎಂಬ ಔಷಧಿಗೆ ಅನುಮತಿ ಸಿಕ್ಕಿತು. ಅದು ಹಿಡಿದುಕೊಳ್ಳುವುದು ಇದೇ ಪ್ರೋಟೀನನ್ನು. ಗಡ್ಡೆ ಬದಲಾಗಲಿಲ್ಲ, ಮಾರ್ಕರ್ ಬದಲಾಗಲಿಲ್ಲ, ಆದರೆ ರೋಗಿಗಳ ಭವಿಷ್ಯ ಬದಲಾಯಿತು. ಹಾಗಾಗಿ 'ಈ ಮಾರ್ಕರ್ ಒಳ್ಳೆಯದಾ, ಕೆಟ್ಟದ್ದಾ' ಎಂದು ಯಾರಾದರೂ ಕೇಳಿದರೆ, 'ಯಾವ ಚಿಕಿತ್ಸೆ ಕೊಟ್ಟಾಗ?' ಎಂದು ತಿರುಗಿ ಕೇಳಬೇಕು.

ಗಡ್ಡೆಯ ತೆಳು ತುಣುಕನ್ನು ಗಾಜಿನ ಸ್ಲೈಡ್ ಮೇಲಿಟ್ಟು, ಪ್ರೋಟೀನ್ ಇರುವ ಕಡೆ ಬಣ್ಣ ಹಿಡಿಯುವಂತೆ ಮಾಡಿ ನೋಡುತ್ತಾರೆ. ಹರ್-2ಗೆ ಅಂಕ ಕೊಡುವುದು 0, 1+, 2+, 3+ ಎಂದು. 10%ಗಿಂತ ಹೆಚ್ಚು ಕ್ಯಾನ್ಸರ್ ಕೋಶಗಳ ಪೊರೆ ಸುತ್ತಲೂ ಗಾಢವಾಗಿ ಬಣ್ಣ ಹಿಡಿದರೆ 3+, ಅದು ಪಾಸಿಟಿವ್. 2+ ಅಂದರೆ ಅಡ್ಡಗೋಡೆಯ ಮೇಲಿನ ದೀಪ. ಆಗ ಫಿಶ್ ಪರೀಕ್ಷೆಯಲ್ಲಿ ಜೀನಿನ ಪ್ರತಿಗಳನ್ನೇ ಎಣಿಸುತ್ತಾರೆ. 1+ ಮತ್ತು ಫಿಶ್ ನೆಗೆಟಿವ್ ಆದ 2+ ಅನ್ನು ಮೊದಲು ಸುಮ್ನೆ 'ನೆಗೆಟಿವ್' ಎಂದು ಬಿಡುತ್ತಿದ್ದರು. 2022ರಿಂದ ಇವಕ್ಕೆ 'ಹರ್-2 ಲೋ' ಎಂಬ ಹೆಸರು ಮುಖ್ಯವಾಯಿತು. ಬೇರೆ ಅಂಗಗಳಿಗೆ ಹರಡಿದ ರೋಗದಲ್ಲಿ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ (ಟ್ರಾಸ್ಟುಜುಮಾಬ್‌ಗೆ ಕೀಮೋ ಔಷಧಿ ಜೋಡಿಸಿದ್ದು) ಇವುಗಳ ಮೇಲೂ ಕೆಲಸ ಮಾಡುತ್ತದೆ ಎಂದು ಗೊತ್ತಾಯಿತು. ಇಲ್ಲಿ ಪ್ರಶ್ನೆ ಭವಿಷ್ಯದ್ದಲ್ಲ, ಔಷಧಿಯ ಆಯ್ಕೆಯದ್ದು.

ಇಆರ್ ಬಣ್ಣ ಹಿಡಿಯುವುದು ಪೊರೆಯಲ್ಲಲ್ಲ, ಕೋಶಕೇಂದ್ರದಲ್ಲಿ. 1% ಕೋಶಗಳು ಬಣ್ಣ ಹಿಡಿದರೂ ಪಾಸಿಟಿವ್. 1ರಿಂದ 10% ಇದ್ದರೆ 'ಲೋ ಪಾಸಿಟಿವ್' ಎಂದು ಬರೆಯುತ್ತಾರೆ. ಸುಮಾರು ಮುಕ್ಕಾಲು ಪಾಲು ಸ್ತನ ಕ್ಯಾನ್ಸರ್ ಇಆರ್ ಪಾಸಿಟಿವ್. ಇದನ್ನು 'ಒಳ್ಳೆಯ' ಮಾರ್ಕರ್ ಅನ್ನುತ್ತಾರೆ, ಆದರೆ ಎಷ್ಟು ವರ್ಷದ ಲೆಕ್ಕದಲ್ಲಿ? ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್ ಇರುವ ಟ್ರಿಪಲ್ ನೆಗೆಟಿವ್ ರೋಗ ಮರುಕಳಿಸಿದರೆ ಜಾಸ್ತಿ ಮೊದಲ ಕೆಲವು ವರ್ಷಗಳಲ್ಲೇ. ಐದು ವರ್ಷ ದಾಟಿದ ಮೇಲೆ ಆ ಅಪಾಯ ತುಂಬಾ ಇಳಿಯುತ್ತದೆ. ಇಆರ್ ಪಾಸಿಟಿವ್ ರೋಗ ಹಾಗಲ್ಲ. ಮೊದಲು ತಣ್ಣಗಿರುತ್ತದೆ, ಆದರೆ 15-20 ವರ್ಷದ ನಂತರವೂ ಮರಳಬಹುದು. ಪಿಆರ್ ತಯಾರಾಗುವುದು ಇಆರ್ ಕೆಲಸದಿಂದಲೇ. ಪಿಆರ್ ಇದೆ ಎಂದರೆ ಇಆರ್ ಬರೀ ಕೂತಿಲ್ಲ, ದುಡಿಯುತ್ತಿದೆ ಎಂದರ್ಥ.

ಇನ್ನು ಕೀ-67. 1983ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಸಿಕ್ಕಿದ್ದಕ್ಕೆ ಈ ಹೆಸರು. ವಿಭಜನೆಯ ಹಾದಿಯಲ್ಲಿರುವ ಕೋಶದಲ್ಲಿ ಇದು ಕಾಣಿಸುತ್ತದೆ, ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಇಲ್ಲ. ಕೇಳಲು ಚೆಂದ, ಎಣಿಸಲು ಕಷ್ಟ. ಬಣ್ಣ ದಟ್ಟವಾಗಿರುವ ಜಾಗದಲ್ಲಿ ಎಣಿಸಬೇಕಾ, ಇಡೀ ಸ್ಲೈಡಿನ ಸರಾಸರಿ ತೆಗೆಯಬೇಕಾ? ಲ್ಯಾಬ್‌ನಿಂದ ಲ್ಯಾಬ್‌ಗೆ ಸಂಖ್ಯೆ ಬದಲಾಗುತ್ತದೆ. ಇಆರ್ ಇರುವ, ಹರ್-2 ಇಲ್ಲದ ಆರಂಭಿಕ ಗಡ್ಡೆಗಳಲ್ಲಿ 5% ಅಥವಾ ಕಡಿಮೆ, 30% ಅಥವಾ ಹೆಚ್ಚು ಬಂದರೆ ಮಾತ್ರ ನಂಬಬಹುದು ಎಂಬುದು ಅಂತರರಾಷ್ಟ್ರೀಯ ತಜ್ಞರ ಗುಂಪಿನ 2021ರ ಅಭಿಪ್ರಾಯ. 18% ಮತ್ತು 22% ನಡುವೆ ದೊಡ್ಡ ವ್ಯತ್ಯಾಸ ಹುಡುಕುವವರನ್ನು ಕಂಡರೆ ನನಗೆ ಅನುಮಾನ.

ಇಷ್ಟೆಲ್ಲ ಓದುವ ಮೊದಲು ಸ್ಲೈಡನ್ನೇ ಅನುಮಾನಿಸಿ. ತೆಗೆದ ಅಂಗಾಂಶ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ (ಅಂಗಾಂಶ ಕೆಡದಂತೆ ಕಾಪಾಡುವ ದ್ರವ) ಹೋಗಬೇಕು, ಅಲ್ಲಿ 6ರಿಂದ 72 ಗಂಟೆ ಇರಬೇಕು. ತಡವಾದರೆ ಪ್ರೋಟೀನ್ ಹಾಳಾಗಿ, ಇದ್ದ ಇಆರ್ ಕೂಡ ಇಲ್ಲ ಎಂದು ಕಾಣುತ್ತದೆ. ಗಡ್ಡೆಯ ಪಕ್ಕದ ಆರೋಗ್ಯವಂತ ಹಾಲಿನ ನಾಳಗಳನ್ನು ನೋಡಿ. ಅಲ್ಲಿ ಕೆಲವು ಕೋಶಗಳಾದರೂ ಇಆರ್ ಬಣ್ಣ ಹಿಡಿದಿರಬೇಕು. ಹಿಡಿದಿಲ್ಲವಾ? ಹಾಗಾದರೆ ಆ 'ನೆಗೆಟಿವ್' ಬರೆಯಬೇಡಿ, ಪರೀಕ್ಷೆ ಮತ್ತೆ ಮಾಡಿಸಿ.